ನೀರಿನ ಬಳಕೆ: ರಾಷ್ಟ್ರಗಳ ತುಲನೆ

ಒಂದು ದೇಶ ತನ್ನ ನದಿ, ಕೆರೆ ಮತ್ತು ಅಂತರ್ಜಲದಿಂದ ವರ್ಷದಲ್ಲಿ ಎತ್ತಿಕೊಳ್ಳುವ ನೀರನ್ನು ಕೃಷಿ, ಕೈಗಾರಿಕೆ, ಊರುಗಳ ಪೂರೈಕೆ ಎಂಬ ಮೂರು ವಲಯಗಳಲ್ಲಿ ವಿಂಗಡಿಸಿ ಲೆಕ್ಕವಿಡುವುದು ಜಗತ್ತಿನೆಲ್ಲೆಡೆ ರೂಢಿಯಲ್ಲಿದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಲೆಕ್ಕಗಳನ್ನು ‘ಅಕ್ವಾಸ್ಟಾಟ್’ ಎಂಬ ಸಂಗ್ರಹದಲ್ಲಿ ಒಟ್ಟುಗೂಡಿಸುತ್ತದೆ. ನೀರಾವರಿ, ಜಾನುವಾರು ಮತ್ತು ಮೀನು ಸಾಕಣೆ ಮೊದಲ ವಲಯಕ್ಕೆ ಸೇರುತ್ತವೆ. ಸ್ವಂತ ಮೂಲದಿಂದ ನೀರೆತ್ತುವ ಕಾರ್ಖಾನೆಗಳೂ ಯಂತ್ರಗಳನ್ನು ತಂಪಾಗಿಸಲು ನೀರು ಬಳಸುವ ವಿದ್ಯುತ್ ಸ್ಥಾವರಗಳೂ ಎರಡನೆಯದರಲ್ಲಿ ಬರುತ್ತವೆ. ಸಾರ್ವಜನಿಕ ಕೊಳಾಯಿ ಜಾಲದಲ್ಲಿ ಹರಿಯುವುದೆಲ್ಲ ಮೂರನೆಯದು. ಜಗತ್ತಿನ ಒಟ್ಟು ಎತ್ತುವಳಿ ವರ್ಷಕ್ಕೆ ಸುಮಾರು 4,000 ಘನ ಕಿಲೋಮೀಟರ್. ಒಂದು ಘನ ಕಿಲೋಮೀಟರ್ ಎಂದರೆ ನಮ್ಮ ಲೆಕ್ಕದಲ್ಲಿ 35 ಟಿಎಂಸಿಗಿಂತ ತುಸು ಹೆಚ್ಚು. ಈ ಒಟ್ಟು ಮೊತ್ತದಲ್ಲಿ ಸುಮಾರು ಶೇ. 70 ಕೃಷಿಗೆ ಹೋಗುತ್ತದೆ, ಶೇ. 20ಕ್ಕಿಂತ ಕಡಿಮೆ ಕೈಗಾರಿಕೆಗೆ, ಉಳಿದದ್ದು ಊರುಗಳಿಗೆ.

ಈ ಮೂರು ಅಂಕಿಗಳನ್ನು ದೇಶದಿಂದ ದೇಶಕ್ಕೆ ಹೋಲಿಸುವಾಗ ಒಂದು ತೀರ್ಮಾನ ತಾನಾಗಿ ಹುಟ್ಟಿಕೊಳ್ಳುತ್ತದೆ. ಕೃಷಿಯ ಪಾಲು ಶೇ. 90 ಇರುವ ದೇಶ ಹಿಂದುಳಿದದ್ದು, ನೀರನ್ನು ಪೋಲು ಮಾಡುವಂಥದ್ದು; ಕೈಗಾರಿಕೆಯ ಪಾಲು ದೊಡ್ಡದಿರುವ ದೇಶ ಮುಂದುವರಿದದ್ದು, ನೀರಿನ ಬೆಲೆ ಬಲ್ಲದ್ದು ಎಂಬ ತೀರ್ಮಾನ ಅದು. ಪಠ್ಯಪುಸ್ತಕಗಳಿಂದ ನೀತಿ ಪತ್ರಗಳವರೆಗೆ ಇದು ಹೇಳಿಯೋ ಹೇಳದೆಯೋ ಓಡಾಡುತ್ತಿದೆ. ಆದರೆ ಇದು ತಪ್ಪು. ವಲಯವಾರು ಶೇಕಡಾವಾರು ದೇಶದ ಹವಾಮಾನವನ್ನು ತೋರಿಸುತ್ತದೆ, ವಿದ್ಯುತ್ ತಯಾರಿಸುವ ವಿಧಾನವನ್ನು ತೋರಿಸುತ್ತದೆ. ನೀರನ್ನು ಜಾಣತನದಿಂದ ಬಳಸಲಾಗುತ್ತಿದೆಯೇ ಎಂಬುದನ್ನು ಅದೊಂದೇ ತೋರಿಸಲಾರದು. ಅದನ್ನು ತಿಳಿಯಲು ಬೇರೆ ಮೂರು ಪ್ರಶ್ನೆ ಕೇಳಬೇಕು: ಬೆಳೆಗೆ ಬೇಕಾದ ನೀರಲ್ಲಿ ಎಷ್ಟನ್ನು ಮಳೆಯೇ ಕೊಡುತ್ತದೆ? ಎತ್ತಿದ ನೀರಲ್ಲಿ ಎಷ್ಟು ಹೊಳೆಗೋ ನೆಲಕ್ಕೋ ಮರಳುತ್ತದೆ? ಆ ನೀರಿನಿಂದಾದ ಬೆಳೆ ಯಾರ ಊಟಕ್ಕೆ ಹೋಗುತ್ತದೆ?

ಮಳೆ ಮತ್ತು ನೀರಾವರಿ

2010ರ ಅಂದಾಜಿನಂತೆ ಭಾರತದ ಒಟ್ಟು ಎತ್ತುವಳಿ 761 ಘನ ಕಿಲೋಮೀಟರ್. ಅದರಲ್ಲಿ ಕೃಷಿಗೆ 688, ಊರುಗಳಿಗೆ 56, ಕೈಗಾರಿಕೆಗೆ 17. ಕೃಷಿಯ ಪಾಲು ಶೇ. 90ನ್ನು ದಾಟಿದೆ, ಪಾಕಿಸ್ತಾನದಲ್ಲಿ ಇನ್ನೂ ಹೆಚ್ಚು. ಜರ್ಮನಿಯಲ್ಲಿ ಇದೇ ಪಾಲು ಶೇ. 5ನ್ನೂ ಮುಟ್ಟುವುದಿಲ್ಲ. ಹಾಗೆಂದು ಜರ್ಮನಿಯ ಗೋಧಿ, ಬಾರ್ಲಿ, ಆಲೂಗಡ್ಡೆ ನೀರಿಲ್ಲದೆ ಬೆಳೆಯುವುದಿಲ್ಲ. ಅಲ್ಲಿ ಮಳೆ ವರ್ಷದ ಎಲ್ಲ ತಿಂಗಳಿಗೂ ಹಂಚಿಕೊಂಡು ಬೀಳುತ್ತದೆ, ಬೇಸಿಗೆಯ ಬಿಸಿಲು ಹದವಾಗಿರುತ್ತದೆ, ಹೊಲದ ಮಣ್ಣಿನಲ್ಲಿ ನಿಂತ ತೇವವೇ ಬೆಳೆಯನ್ನು ದಡ ಮುಟ್ಟಿಸುತ್ತದೆ. ಮಣ್ಣಿನಲ್ಲಿ ಹಿಡಿದಿಟ್ಟ ಈ ಮಳೆನೀರನ್ನು ಸ್ವೀಡನ್ನಿನ ಜಲವಿಜ್ಞಾನಿ ಮಾಲಿನ್ ಫಾಲ್ಕೆನ್‌ಮಾರ್ಕ್ ‘ಹಸಿರು ನೀರು’ ಎಂದು ಕರೆದರು. ನದಿ, ಕೆರೆ, ಅಂತರ್ಜಲಗಳದ್ದು ‘ನೀಲಿ ನೀರು’. ಅಕ್ವಾಸ್ಟಾಟ್‌ನ ಎತ್ತುವಳಿ ಲೆಕ್ಕಕ್ಕೆ ಸಿಗುವುದು ನೀಲಿ ನೀರು ಮಾತ್ರ. ಜಗತ್ತಿನ ಸಾಗುವಳಿ ಭೂಮಿಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ಖುಷ್ಕಿ. ಒಟ್ಟು ಆಹಾರದ ಸುಮಾರು ಶೇ. 60 ಅಲ್ಲಿಂದಲೇ ಬರುತ್ತದೆ. ಅಷ್ಟು ದೊಡ್ಡ ನೀರಿನ ಬಳಕೆ ಈ ಶೇಕಡಾವಾರಿನಲ್ಲಿ ಕಾಣುವುದೇ ಇಲ್ಲ. ನಾಲ್ಕು ತಿಂಗಳು ಮಳೆ, ಎಂಟು ತಿಂಗಳು ಒಣ ಹವೆ ಇರುವ ದೇಶ ಹಿಂಗಾರು, ಬೇಸಿಗೆ ಬೆಳೆಗಳಿಗೆ ನಾಲೆಯನ್ನೋ ಕೊಳವೆಬಾವಿಯನ್ನೋ ನಂಬಲೇಬೇಕು. ಅದರ ಕೃಷಿ ಪಾಲು ದೊಡ್ಡದಾಗುವುದು ಮೊದಲಿಗೆ ಮುಂಗಾರಿನ ಫಲ. ರೈತರ ಅಜಾಗರೂಕತೆಯ ಮಾತು ಆಮೇಲಿನದು.

ಕೃಷಿಯ ಪಾಲು ಕಡಿಮೆ ಇದ್ದಮಾತ್ರಕ್ಕೆ ದೇಶ ಮುಂದುವರಿದಿದೆ ಎಂದೂ ಅರ್ಥವಲ್ಲ. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯವನ್ನು ನೋಡಿ. ಅಲ್ಲಿ ಎತ್ತುವ ನೀರಿನಲ್ಲಿ ಕೃಷಿಗೆ ಹೋಗುವುದು ಸುಮಾರು ಶೇ. 11, ಊರುಗಳಿಗೆ ಶೇ. 68, ಕೈಗಾರಿಕೆಗೆ ಶೇ. 21. ಕಾಗದದ ಮೇಲೆ ಇದು ನಗರೀಕರಣಗೊಂಡ ದೇಶದ ಚಿತ್ರ. ಆದರೆ 2005ರ ಅಂದಾಜಿನಲ್ಲಿ ಆ ದೇಶ ವರ್ಷಕ್ಕೆ ಎತ್ತಿದ ಒಟ್ಟು ನೀರು 0.7 ಘನ ಕಿಲೋಮೀಟರನ್ನೂ ಮುಟ್ಟಲಿಲ್ಲ. ಸುಮಾರು 24 ಟಿಎಂಸಿ. ನಮ್ಮ ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯದ ಅರ್ಧಕ್ಕೂ ಇದು ಸಾಲದು. ಆ ದೇಶಕ್ಕೆ ವರ್ಷವರ್ಷವೂ ಒದಗುವ ನೀರಾದರೋ 1,200 ಘನ ಕಿಲೋಮೀಟರಿಗೂ ಹೆಚ್ಚು. ಆಫ್ರಿಕದ ಅತಿ ದೊಡ್ಡ ನದಿಯ ದಡದಲ್ಲಿದ್ದೂ ನೀರನ್ನು ಮನೆಗೆ, ಹೊಲಕ್ಕೆ ತಲುಪಿಸುವ ಕೊಳವೆ, ಪಂಪು, ವಿದ್ಯುತ್ತು, ಬಂಡವಾಳ ಇಲ್ಲದ ಬಡತನವೇ ಆ ಶೇಕಡಾವಾರಿನ ಹಿಂದಿದೆ. ಕೃಷಿಯ ಪಾಲು ಜರ್ಮನಿಯಲ್ಲೂ ಕಾಂಗೋದಲ್ಲೂ ಚಿಕ್ಕದೇ. ಎರಡಕ್ಕೂ ಕಾರಣ ಮಾತ್ರ ಬೇರೆ ಬೇರೆ. ಒಟ್ಟು ಮೊತ್ತವನ್ನು ಪಕ್ಕದಲ್ಲಿಡದೆ ಪಾಲನ್ನು ಮಾತ್ರ ಹೇಳುವ ಯಾವ ಪಟ್ಟಿಯೂ ಓದುಗರ ದಾರಿ ತಪ್ಪಿಸುತ್ತದೆ.

ಎತ್ತುವಳಿ ಮತ್ತು ವ್ಯಯ

ಎತ್ತಿದ ನೀರೆಲ್ಲ ಖರ್ಚಾಗುವುದಿಲ್ಲ. ಮನೆಯಲ್ಲಿ ಬಳಸಿದ ನೀರಿನ ಬಹುಭಾಗ ಚರಂಡಿಯ ಮೂಲಕ ಹೊರಗೆ ಬರುತ್ತದೆ. ಗದ್ದೆಗೆ ಬಿಟ್ಟ ನೀರಲ್ಲಿ ಒಂದಷ್ಟು ಬಸಿದು ಬಾವಿಗೂ ಹಳ್ಳಕ್ಕೂ ಸೇರುತ್ತದೆ. ಉಳಿದದ್ದು ಬೆಳೆಯ ಎಲೆಯಿಂದ, ಮಣ್ಣಿನಿಂದ ಆವಿಯಾಗಿ ಹೋಗುತ್ತದೆ. ಹೀಗೆ ಆ ಜಲಾನಯನಕ್ಕೆ ಮತ್ತೆ ದಕ್ಕದೆ ಹೋದದ್ದನ್ನು ವ್ಯಯ ಎಂದು ಪ್ರತ್ಯೇಕವಾಗಿ ಎಣಿಸಬೇಕು. ಈ ವ್ಯತ್ಯಾಸ ಎಷ್ಟು ದೊಡ್ಡದೆಂಬುದನ್ನು ಅಮೆರಿಕದ ಭೂವೈಜ್ಞಾನಿಕ ಸಮೀಕ್ಷಾ ಸಂಸ್ಥೆಯ 2015ರ ಲೆಕ್ಕ ಸ್ಪಷ್ಟಪಡಿಸುತ್ತದೆ. ಆ ವರ್ಷ ಅಮೆರಿಕ ದಿನಕ್ಕೆ 322 ಶತಕೋಟಿ ಗ್ಯಾಲನ್ ನೀರೆತ್ತಿತು. ಅದರಲ್ಲಿ ವಿದ್ಯುತ್ ಸ್ಥಾವರಗಳಿಗೆ 133, ನೀರಾವರಿಗೆ 118, ಸಾರ್ವಜನಿಕ ಪೂರೈಕೆಗೆ 39. ಎತ್ತುವಳಿಯನ್ನಷ್ಟೇ ನೋಡಿದರೆ ವಿದ್ಯುತ್ ವಲಯವೇ ಮೊದಲು. ಆದರೆ ಆ 133ರಲ್ಲಿ ಗಣನೀಯ ಭಾಗ ಸಮುದ್ರದ ಉಪ್ಪುನೀರು. ಅಲ್ಲದೆ ಸ್ಥಾವರಗಳು ನಿಜವಾಗಿ ವ್ಯಯ ಮಾಡಿದ್ದು 4.3 ಶತಕೋಟಿ ಗ್ಯಾಲನ್, ಅಂದರೆ ಎತ್ತಿದ್ದರಲ್ಲಿ ಶೇ. 3 ಮಾತ್ರ; ಮಿಕ್ಕದ್ದು ಯಂತ್ರದ ಶಾಖವನ್ನು ಹೊತ್ತುಕೊಂಡು ನದಿಗೋ ಕಡಲಿಗೋ ಹಿಂತಿರುಗಿತು. ನೀರಾವರಿಯಲ್ಲಿ ವ್ಯಯವಾದದ್ದು 73 ಶತಕೋಟಿ ಗ್ಯಾಲನ್, ಎತ್ತಿದ್ದರ ಶೇ. 62. ಎತ್ತುವಳಿಯಲ್ಲಿ ಎರಡನೆಯದಾಗಿದ್ದ ವಲಯ ವ್ಯಯದಲ್ಲಿ ಮೊದಲನೆಯದರ 17 ಪಟ್ಟು ಆಯಿತು. ಹಾಗೆಯೇ ಫ್ರಾನ್ಸಿನ ಎತ್ತುವಳಿಯಲ್ಲಿ ಅಣು ಸ್ಥಾವರಗಳ ತಂಪಿಗೆ ಹೋಗುವ ನೀರೇ ಮುಂದಿದ್ದರೂ ವ್ಯಯದ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ಕೃಷಿಯದು. ಕೈಗಾರಿಕಾ ರಾಷ್ಟ್ರ ಎಂಬ ಹಣೆಪಟ್ಟಿ ಎತ್ತುವಳಿಯ ಪಟ್ಟಿಯಿಂದ ಹುಟ್ಟಿದ್ದು. ನದಿ ಬತ್ತುವುದು ವ್ಯಯದಿಂದ.

ಇದಕ್ಕೆ ಒಂದು ಆಕ್ಷೇಪವಿದೆ: ಹಾಗಿದ್ದರೆ ಮರಳಿ ಬರುವ ನೀರಿನ ಬಗ್ಗೆ ಚಿಂತೆಯೇ ಬೇಡವೇ? ಖಂಡಿತ ಬೇಕು. ಮರಳಿದ ನೀರು ಯಾವ ಸ್ಥಿತಿಯಲ್ಲಿ, ಯಾವ ಹೊತ್ತಿನಲ್ಲಿ ಮರಳಿತು ಎಂಬುದು ಮುಖ್ಯ. 2003 ಮತ್ತು 2022ರ ಬೇಸಿಗೆಗಳಲ್ಲಿ ಫ್ರಾನ್ಸಿನ ನದಿಗಳು ಎಷ್ಟು ಬಿಸಿಯಾದವೆಂದರೆ, ಬಿಸಿನೀರು ಬಿಡುವ ಮಿತಿಯನ್ನು ಪಾಲಿಸಲು ಕೆಲವು ಅಣು ಸ್ಥಾವರಗಳು ಉತ್ಪಾದನೆ ತಗ್ಗಿಸಬೇಕಾಯಿತು. ಮಿತಿಯನ್ನು ತಾತ್ಕಾಲಿಕವಾಗಿ ಸಡಿಲಿಸಬೇಕಾಗಿಯೂ ಬಂತು. ರಾಸಾಯನಿಕ ಬೆರೆತ ಕಾರ್ಖಾನೆಯ ನೀರು, ಸಂಸ್ಕರಿಸದ ಕೊಳಚೆ ಹೊಳೆಗೆ ಸೇರಿದರೆ ಲೆಕ್ಕದಲ್ಲಿ ಮರಳಿದಂತೆ. ಕೆಳದಂಡೆಯ ರೈತನಿಗೂ ಊರಿಗೂ ಅದು ಕಳೆದುಹೋದ ನೀರೇ. ಭಾರತದಲ್ಲಿ ಕೈಗಾರಿಕೆಯ ಪಾಲು ಶೇ. 2ರ ಆಸುಪಾಸು ಎಂದು ನಿರಾಳವಾಗುವಂತಿಲ್ಲ. ಅದು ಎತ್ತಿದ ಪ್ರಮಾಣವನ್ನು ಹೇಳುತ್ತದೆ, ಕೆಡಿಸಿದ ಪ್ರಮಾಣವನ್ನಲ್ಲ. ಆದ್ದರಿಂದ ವ್ಯಯದ ಲೆಕ್ಕಕ್ಕೆ ಗುಣಮಟ್ಟದ ಲೆಕ್ಕವೂ ಜೊತೆಯಾಗಬೇಕು. ಈ ಆಕ್ಷೇಪ ಎತ್ತುವಳಿಯ ಶೇಕಡಾವಾರನ್ನು ಸಮರ್ಥಿಸುವುದಿಲ್ಲ, ಅದರ ಕೊರತೆಯನ್ನು ಇನ್ನಷ್ಟು ಎತ್ತಿ ತೋರಿಸುತ್ತದೆ.

ಧಾನ್ಯದೊಳಗಿನ ನೀರು

ಮೂರನೆಯ ಪ್ರಶ್ನೆ ಗಡಿ ದಾಟುವ ನೀರಿನದು. ಒಂದು ಕಿಲೋ ಅಕ್ಕಿಗೆ ಜಗತ್ತಿನ ಸರಾಸರಿಯಲ್ಲಿ, ಮಳೆನೀರೂ ಸೇರಿ, ಸುಮಾರು 2,500 ಲೀಟರ್ ನೀರು ಬೇಕು. ಧಾನ್ಯ ಆಮದು ಮಾಡಿಕೊಳ್ಳುವ ದೇಶ ಅಷ್ಟು ನೀರನ್ನು ತನ್ನಲ್ಲಿ ಉಳಿಸಿಕೊಂಡು ಬೇರೆ ದೇಶದ ನೀರನ್ನು ತರಿಸಿಕೊಂಡಂತೆ. ಮಧ್ಯಪ್ರಾಚ್ಯದ ಒಣ ದೇಶಗಳು ನೀರಿಗಾಗಿ ಯುದ್ಧಕ್ಕಿಳಿಯದೆ ಬದುಕುತ್ತಿರುವುದು ಹೇಗೆ ಎಂಬ ಪ್ರಶ್ನೆಗೆ ಬ್ರಿಟನ್ನಿನ ಭೂಗೋಳ ವಿದ್ವಾಂಸ ಟೋನಿ ಆಲನ್ 1990ರ ದಶಕದಲ್ಲಿ ಕೊಟ್ಟ ಉತ್ತರ ಇದೇ. ಈ ಚಿಂತನೆಗೆ 2008ರಲ್ಲಿ ಅವರಿಗೆ ಸ್ಟಾಕ್‌ಹೋಮ್ ಜಲ ಪ್ರಶಸ್ತಿ ಸಂದಿತು. ಸೌದಿ ಅರೇಬಿಯ ಮೊದಲು ಇದಕ್ಕೆ ವಿರುದ್ಧವಾದ ದಾರಿ ಹಿಡಿದಿತ್ತು. ಸಾವಿರಾರು ವರ್ಷಗಳ ಹಿಂದೆ ಸಂಗ್ರಹವಾಗಿ ಮತ್ತೆ ತುಂಬದ ಅಂತರ್ಜಲವನ್ನು ಎತ್ತಿ, ಸರ್ಕಾರದ ಸಬ್ಸಿಡಿಯ ಬಲದಿಂದ ಮರುಭೂಮಿಯಲ್ಲಿ ಗೋಧಿ ಬೆಳೆದು, 1990ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 40 ಲಕ್ಷ ಟನ್ ಉತ್ಪಾದಿಸಿ ರಫ್ತನ್ನೂ ಮಾಡಿತು. ನೀರು ಪಾತಾಳ ಸೇರಿದ ಮೇಲೆ, ದೇಶೀ ಗೋಧಿ ಖರೀದಿಯನ್ನು ಹಂತಹಂತವಾಗಿ ನಿಲ್ಲಿಸಲು 2008ರಲ್ಲಿ ನಿರ್ಧರಿಸಿ 2016ರ ಹೊತ್ತಿಗೆ ಕೈಬಿಟ್ಟಿತು. ಈ ನಡುವೆ ಅಲ್ಲಿನ ಒಂದು ಕಂಪನಿ ದನಗಳ ಮೇವನ್ನು ಅಮೆರಿಕದ ಅರಿಜೋನಾದ ಅಂತರ್ಜಲದಲ್ಲಿ ಬೆಳೆದು ತರಿಸಿಕೊಳ್ಳತೊಡಗಿತು. 2023ರಲ್ಲಿ ಅರಿಜೋನಾ ಸರ್ಕಾರ ಬಟ್ಲರ್ ಕಣಿವೆಯಲ್ಲಿನ ಅದರ ಭೂಗುತ್ತಿಗೆಗಳನ್ನು ಕೊನೆಗೊಳಿಸಲು ನಿರ್ಧರಿಸಿತು. ಒಂದು ದೇಶದ ಕೃಷಿ ಪಾಲು ಇಳಿದರೆ ಆ ನೀರಿನ ಹೊರೆ ಇಳಿದಂತಲ್ಲ. ಅದು ಬೇರೆ ನೆಲಕ್ಕೆ ವರ್ಗವಾಗಿರಲೂಬಹುದು.

ಭಾರತ ಈ ವ್ಯಾಪಾರದಲ್ಲಿ ಎದುರು ಬದಿಯಲ್ಲಿ ನಿಂತಿದೆ. ಜಗತ್ತಿನಲ್ಲಿ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶ ನಮ್ಮದು. ಅತಿ ಹೆಚ್ಚು ಅಕ್ಕಿ ರಫ್ತು ಮಾಡುವ ದೇಶವೂ ನಮ್ಮದೇ. ಕೇಂದ್ರೀಯ ಅಂತರ್ಜಲ ಮಂಡಳಿಯ 2023ರ ಅಂದಾಜಿನಂತೆ ವರ್ಷಕ್ಕೆ ಸುಮಾರು 241 ಘನ ಕಿಲೋಮೀಟರ್ ಅಂತರ್ಜಲ ಎತ್ತಲಾಗುತ್ತಿದ್ದು, ಅದರಲ್ಲಿ ಸುಮಾರು ಶೇ. 87 ನೀರಾವರಿಗೆ ಹೋಗುತ್ತದೆ. ಎತ್ತಬಹುದಾದ ಪ್ರಮಾಣಕ್ಕೆ ಹೋಲಿಸಿದರೆ ದೇಶದ ಸರಾಸರಿ ಶೇ. 59, ಗಾಬರಿಪಡಬೇಕಿಲ್ಲ ಎನಿಸುವ ಅಂಕಿ. ಪಂಜಾಬಿನಲ್ಲಿ ಆಗ ಅದೇ ಅಂಕಿ ಶೇ. 160ನ್ನು ಮೀರಿತ್ತು. ತುಂಬುವುದಕ್ಕಿಂತ ಎಷ್ಟೋ ಹೆಚ್ಚು ಎತ್ತುತ್ತಿರುವ ಆ ರಾಜ್ಯ ಬೆಳೆದ ಭತ್ತ ಕೇಂದ್ರದ ಉಗ್ರಾಣಕ್ಕೆ ಹೋಗಿ ದೂರದ ರಾಜ್ಯಗಳ ಪಡಿತರವಾಗುತ್ತದೆ. ರಾಷ್ಟ್ರೀಯ ಸರಾಸರಿ ಎಂಬುದು ಅಸ್ಸಾಮಿನ ತುಂಬಿದ ನೆಲವನ್ನೂ ಪಂಜಾಬಿನ ಬರಿದಾಗುತ್ತಿರುವ ನೆಲವನ್ನೂ ಒಂದೇ ಅಂಕಿಯಲ್ಲಿ ಅಡಗಿಸಿಬಿಡುತ್ತದೆ. ನೀರಿನ ನಿಜವಾದ ಗಡಿ ಜಲಾನಯನದ್ದು. ದೇಶಗಳ ನಡುವಿನ ಹೋಲಿಕೆ ಅಲ್ಲಿಯವರೆಗೆ ಇಳಿಯದಿದ್ದರೆ ಉಪಯೋಗಕ್ಕೆ ಬರುವುದಿಲ್ಲ.

ಹನಿಗೆಷ್ಟು ಹಣ

ಕೃಷಿಯ ಪಾಲನ್ನು ತಗ್ಗಿಸಲೇಬೇಕು ಎನ್ನುವವರ ಬಳಿ ಗಟ್ಟಿಯಾದ ಒಂದು ವಾದವಿದೆ. ಒಂದು ಘನ ಮೀಟರ್ ನೀರಿನಿಂದ ಕಾರ್ಖಾನೆಯಲ್ಲಿ ಹುಟ್ಟುವ ಹಣದ ಮುಂದೆ ಗದ್ದೆಯಲ್ಲಿ ಹುಟ್ಟುವುದು ತೀರ ಅಲ್ಪ. ವಿಶ್ವಸಂಸ್ಥೆಯ ಸುಸ್ಥಿರ ಅಭಿವೃದ್ಧಿ ಗುರಿಗಳಲ್ಲೂ ಪ್ರತಿ ಘನ ಮೀಟರಿಗೆ ಎಷ್ಟು ಡಾಲರ್ ಮೌಲ್ಯ ಬಂತು ಎಂಬ ಸೂಚಿಯಿದೆ. ನೀರನ್ನು ಹೆಚ್ಚು ಮೌಲ್ಯದ ಕಡೆಗೆ ತಿರುಗಿಸಿದರೆ ದೇಶ ಶ್ರೀಮಂತವಾಗುತ್ತದೆ, ಆ ಹಣದಿಂದ ಧಾನ್ಯ ಕೊಳ್ಳಬಹುದು ಎಂಬುದು ವಾದ. ಸಿಂಗಪುರಕ್ಕೆ ಇದು ಸರಿಹೊಂದುತ್ತದೆ. ಭಾರತಕ್ಕೆ ಮೂರು ಕಾರಣಕ್ಕೆ ಹೊಂದುವುದಿಲ್ಲ. ಮೊದಲನೆಯದಾಗಿ, ಇಲ್ಲಿ ದುಡಿಯುವವರಲ್ಲಿ ಹೆಚ್ಚುಕಡಿಮೆ ಶೇ. 45 ಮಂದಿಯ ಜೀವನ ಬೇಸಾಯದ ಮೇಲೆ ನಿಂತಿದೆ. ನೀರು ಹೋದ ಕಡೆಗೆ ಅವರೆಲ್ಲರ ಕೆಲಸವೂ ಹಿಂಬಾಲಿಸಿ ಹೋಗುವುದಿಲ್ಲ. ಎರಡನೆಯದಾಗಿ, 140 ಕೋಟಿ ಜನರ ಧಾನ್ಯಕ್ಕೆ ಹೊರಗಿನ ಮಾರುಕಟ್ಟೆಯನ್ನು ನೆಚ್ಚಿದರೆ ಆ ಮಾರುಕಟ್ಟೆಯೇ ಅಲುಗಾಡುತ್ತದೆ. ಮೂರನೆಯದಾಗಿ, ಊರುಗಳಿಗೂ ಕಾರ್ಖಾನೆಗಳಿಗೂ ಬೇಕಾದದ್ದು ಜಲಾನಯನದ ಒಟ್ಟು ಮೊತ್ತದಲ್ಲಿ ಸಣ್ಣ ಪಾಲು. ಅದಕ್ಕಾಗಿ ಇಡೀ ಬೇಸಾಯವನ್ನು ಬಲಿಕೊಡಬೇಕಾಗಿಲ್ಲ. ಉದಾಹರಣೆಗೆ, ಕಾವೇರಿ ನ್ಯಾಯಮಂಡಳಿ ಹಂಚಿದ್ದು 740 ಟಿಎಂಸಿ. ಬೆಂಗಳೂರಿನ ಕುಡಿಯುವ ನೀರಿನ ಅಗತ್ಯವನ್ನು ಮನಗಂಡು ಸುಪ್ರೀಂ ಕೋರ್ಟ್ 2018ರ ಫೆಬ್ರವರಿಯಲ್ಲಿ ಆ ಮಹಾನಗರಕ್ಕೆ ಕೊಟ್ಟ ಹೆಚ್ಚುವರಿ ಪಾಲು 4.75 ಟಿಎಂಸಿ, ಅಂದರೆ ಒಟ್ಟು ಹಂಚಿಕೆಯ ಶೇ. 1ಕ್ಕಿಂತ ಕಡಿಮೆ. ಊರಿಗೂ ಹೊಲಕ್ಕೂ ನಡುವೆ ಇರುವ ಕಷ್ಟ ಕೊರತೆ ಬಿದ್ದ ವರ್ಷ ಯಾರಿಗೆ ಮೊದಲು ಎಂಬುದು.

ಉಳಿತಾಯದ ಭ್ರಮೆ, ಮಿತಿಯ ಬಲ

ಮತ್ತೊಂದು ಸಲಹೆ ಎಲ್ಲರಿಗೂ ಒಪ್ಪಿಗೆಯಾಗುವಂಥದ್ದು: ಹನಿ ನೀರಾವರಿ, ತುಂತುರು ನೀರಾವರಿ ತಂದರೆ ಕೃಷಿಯ ಬಳಕೆ ಇಳಿಯುತ್ತದೆ. ಹೊಲದ ಮಟ್ಟದಲ್ಲಿ ಇದು ದಿಟ. ಅದೇ ನೀರಿಗೆ ಹೆಚ್ಚು ಇಳುವರಿ ಬರುತ್ತದೆ, ಪಂಪಿನ ಖರ್ಚು ಉಳಿಯುತ್ತದೆ. ಆದರೆ ಜಲಾನಯನದ ಮಟ್ಟದಲ್ಲಿ ಫಲ ಬೇರೆಯಾಗಬಹುದು. ಹಿಂದೆ ಬಸಿದು ಪಕ್ಕದ ಬಾವಿಗೆ ಹೋಗುತ್ತಿದ್ದ ನೀರನ್ನು ಈಗ ಬೆಳೆಯೇ ಹೀರಿಕೊಳ್ಳುತ್ತದೆ. ಉಳಿಯಿತೆಂದುಕೊಂಡ ನೀರಿನಲ್ಲಿ ರೈತ ಇನ್ನೊಂದು ಎಕರೆ ಸೇರಿಸುತ್ತಾನೆ, ಇಲ್ಲವೇ ಹೆಚ್ಚು ನೀರು ಬೇಡುವ ಬೆಳೆಗೆ ಹೋಗುತ್ತಾನೆ. ಅಮೆರಿಕದ ಕ್ಯಾನ್ಸಸ್‌ನಲ್ಲಿ ಸುಧಾರಿತ ತುಂತುರು ಸಾಧನಗಳಿಗೆ ಸಬ್ಸಿಡಿ ಕೊಟ್ಟ ಮೇಲೆ ಅಂತರ್ಜಲ ಎತ್ತುವಳಿ ಇಳಿಯುವ ಬದಲು ಏರಿದ್ದನ್ನು ಅಧ್ಯಯನ ದಾಖಲಿಸಿದೆ. 2018ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು ಇದನ್ನೇ ನೀರಾವರಿ ದಕ್ಷತೆಯ ವಿರೋಧಾಭಾಸ ಎಂದು ನಿರೂಪಿಸಿದರು. ಇದರಿಂದ ಹನಿ ನೀರಾವರಿ ಬೇಡ ಎಂದಾಗುವುದಿಲ್ಲ. ಒಟ್ಟು ವ್ಯಯಕ್ಕೆ ಮಿತಿ ಹಾಕದೆ ಕೊಡುವ ಸಬ್ಸಿಡಿ ನದಿಗೆ ಒಂದು ಹನಿಯನ್ನೂ ಉಳಿಸಿಕೊಡಲಾರದು ಎಂದಷ್ಟೇ ಇದರ ಅರ್ಥ.

ಮಿತಿ ಹಾಕಿದ ದೇಶಗಳ ಅನುಭವ ಈ ಮಾತನ್ನು ಬೆಂಬಲಿಸುತ್ತದೆ. ಚೀನಾ 2012ರಲ್ಲಿ ಘೋಷಿಸಿದ ‘ಮೂರು ಕೆಂಪು ಗೆರೆ’ ನೀತಿಯಡಿ 2030ರಲ್ಲಿ ದೇಶದ ಒಟ್ಟು ನೀರಿನ ಬಳಕೆ 700 ಘನ ಕಿಲೋಮೀಟರ್ ಮೀರಬಾರದೆಂದು ಗೆರೆ ಎಳೆದು, ಅದನ್ನು ಪ್ರಾಂತಗಳಿಗೆ ಹಂಚಿತು. ಅಲ್ಲಿನ ಆರ್ಥಿಕತೆ ಬೆಳೆಯುತ್ತ ಹೋದರೂ ಒಟ್ಟು ಬಳಕೆ 600ರ ಆಸುಪಾಸಿನಲ್ಲೇ ನಿಂತಿದೆ. ಆಸ್ಟ್ರೇಲಿಯ ಮರ‍್ರೆ-ಡಾರ್ಲಿಂಗ್ ಜಲಾನಯನದಲ್ಲಿ 1995ರಿಂದಲೇ ಎತ್ತುವಳಿಗೆ ಮಿತಿ ಹಾಕಿತು; ದೀರ್ಘ ಬರದ ಪಾಠ ಕಲಿತು 2012ರ ಯೋಜನೆಯಲ್ಲಿ ಅದನ್ನು ಬಿಗಿಗೊಳಿಸಿ, ನದಿಗೇ ಒಂದು ಪಾಲು ಕೊಡಲು ರೈತರಿಂದ ನೀರಿನ ಹಕ್ಕನ್ನು ಹಣ ಕೊಟ್ಟು ಕೊಂಡಿತು. ಇದರಿಂದ ಸಣ್ಣ ನೀರಾವರಿ ಊರುಗಳು ಸೊರಗಿದವು ಎಂಬ ದೂರು ಅಲ್ಲಿ ಬಲವಾಗಿದೆ, ಅದನ್ನು ತಳ್ಳಿಹಾಕುವಂತಿಲ್ಲ. ಆದರೆ ಮಿತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮಧ್ಯ ಏಷ್ಯ ಸಾಕ್ಷಿ. ಹತ್ತಿ ಬೆಳೆಯಲು ಅಮು ದರಿಯಾ, ಸಿರ್ ದರಿಯಾ ನದಿಗಳನ್ನು ನಾಲೆಗಳಿಗೆ ತಿರುಗಿಸಿದ್ದರಿಂದ, 1960ರಲ್ಲಿ ಜಗತ್ತಿನ ನಾಲ್ಕನೆಯ ದೊಡ್ಡ ಸರೋವರವಾಗಿದ್ದ ಅರಲ್ ಸಮುದ್ರದ ಬಹುಭಾಗ ಉಪ್ಪುಮರಳಾಯಿತು; ಮೀನುಗಾರರ ಬದುಕು ಮುಗಿಯಿತು. ಮಿತಿ ಹಾಕುವುದರ ಬೆಲೆ ಇದರ ಮುಂದೆ ಚಿಕ್ಕದು.

ಕಾನೂನಿನ ಬಲ ಕೈಗಾರಿಕೆಯ ಬಳಕೆಯನ್ನೂ ಬದಲಿಸಿದೆ. 1972ರಲ್ಲಿ ಅಮೆರಿಕ ಶುದ್ಧ ನೀರಿನ ಕಾಯ್ದೆ ತಂದ ಬಳಿಕ ಬಳಸಿ ಬಿಡುವ ನೀರೇ ದುಬಾರಿಯಾಗಿ, ಕಾರ್ಖಾನೆಗಳು ಅದನ್ನು ಮತ್ತೆ ಬಳಸತೊಡಗಿದವು. ಒಟ್ಟು ಎತ್ತುವಳಿ 1980ರ ಸುಮಾರಿಗೆ ಶಿಖರ ಮುಟ್ಟಿ, ಜನಸಂಖ್ಯೆ ಏರುತ್ತಿದ್ದರೂ ಇಳಿಯಿತು. ಜಪಾನಿನ ಕಾರ್ಖಾನೆಗಳಲ್ಲಿ ಮರುಬಳಕೆಯ ನೀರಿನ ಪಾಲು 1965ರಲ್ಲಿ ಸುಮಾರು ಶೇ. 36 ಇದ್ದದ್ದು ಶತಮಾನದ ಕೊನೆಯ ಹೊತ್ತಿಗೆ ಶೇ. 78ರ ಸಮೀಪ ಬಂತು. ಇಸ್ರೇಲ್ ತನ್ನ ಊರುಗಳ ತ್ಯಾಜ್ಯನೀರಿನಲ್ಲಿ ಹೆಚ್ಚುಕಡಿಮೆ ಶೇ. 90ರಷ್ಟನ್ನು ಸಂಸ್ಕರಿಸಿ ಹೊಲಗಳಿಗೆ ಕೊಡುತ್ತದೆ. 2018ರಿಂದ ಬೆಂಗಳೂರಿನ ಸಂಸ್ಕರಿಸಿದ ನೀರನ್ನು ಕೋಲಾರದ ಕೆರೆಗಳಿಗೆ ಹರಿಸುತ್ತಿರುವ ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯೂ ಅದೇ ದಾರಿಯದು. ದಿನಕ್ಕೆ 44 ಕೋಟಿ ಲೀಟರ್ ಅದರ ಗುರಿ. ಎರಡನೇ ಹಂತದವರೆಗೆ ಮಾತ್ರ ಶುದ್ಧವಾದ ಆ ನೀರಿಗೆ ಮೂರನೇ ಹಂತದ ಸಂಸ್ಕರಣೆಯೂ ಬೇಕೆಂಬ ಕೋಲಾರದ ಜನರ ಬೇಡಿಕೆ ನ್ಯಾಯವಾದದ್ದು. ಸಮುದ್ರದ ನೀರನ್ನು ಸಿಹಿಯಾಗಿಸುವ ತಂತ್ರವನ್ನು ಮಾತ್ರ ಅಳೆದು ನೋಡಬೇಕು. ಒಂದು ಘನ ಮೀಟರಿಗೆ ಮೂರೂವರೆ ಯೂನಿಟ್ ವಿದ್ಯುತ್ ಎಂದು ಹಿಡಿದರೂ, ಆ ನೀರಿನಲ್ಲಿ ಒಂದು ಕಿಲೋ ಅಕ್ಕಿ ಬೆಳೆಯಲು ಒಂಬತ್ತು ಯೂನಿಟ್‌ನಷ್ಟು ಬೇಕು. ಅದು ಕುಡಿಯುವ ನೀರಿಗೆ ಪರಿಹಾರವಾದೀತು, ಅನ್ನಕ್ಕಲ್ಲ.

ಹೋಲಿಕೆಯ ಸರಿಯಾದ ಬಳಕೆ

ಹಾಗಾದರೆ ವಲಯವಾರು ಅಂಕಿಗಳನ್ನು ಬದಿಗಿಡಬೇಕೇ? ಬಹುತೇಕ ದೇಶಗಳಲ್ಲಿ ಸಿಗುವುದು ಇವಷ್ಟೇ, ವ್ಯಯದ ಲೆಕ್ಕ ಅಪರೂಪ. ಆದ್ದರಿಂದ ಇವುಗಳಿಗೆ ಬೆಲೆಯಿದೆ. ಒಂದೇ ದೇಶದ ಇಂದಿನ ಸ್ಥಿತಿಯನ್ನು ಅದರ ನಿನ್ನೆಯೊಂದಿಗೆ ಹೋಲಿಸಲು, ಒಂದೇ ಬಗೆಯ ಹವಾಮಾನದ ದೇಶಗಳನ್ನು ಪರಸ್ಪರ ನೋಡಲು ಇವು ಸಾಕು. ಜರ್ಮನಿಯ ಪಕ್ಕದಲ್ಲಿ ಭಾರತವನ್ನು ನಿಲ್ಲಿಸಿ ಅಂಕ ಕೊಡಲು ಸಾಲವು. ಭಾರತ ತನ್ನ ಕೃಷಿಯ ಪಾಲಿಗಾಗಿ ನಾಚಬೇಕಾಗಿಲ್ಲ. ನಾಚಬೇಕಾದದ್ದು ಪಂಜಾಬಿನಿಂದ ಕೋಲಾರದವರೆಗೆ ನೆಲ ತುಂಬಿಕೊಳ್ಳುವುದಕ್ಕಿಂತ ಹೆಚ್ಚು ಎತ್ತುತ್ತಿರುವುದಕ್ಕೆ, ಬಳಸಿದ ನೀರನ್ನು ಕೆಡಿಸಿ ಹೊಳೆಗೆ ಬಿಡುತ್ತಿರುವುದಕ್ಕೆ. ಪ್ರತಿ ಜಲಾನಯನಕ್ಕೂ ಎಷ್ಟು ನೀರು ಬಂತು, ಎಷ್ಟು ಆವಿಯಾಯಿತು, ಎಷ್ಟು ಬಳಸಲು ಯೋಗ್ಯವಾಗಿ ಮರಳಿತು ಎಂಬ ಲೆಕ್ಕವನ್ನು ವರ್ಷವರ್ಷವೂ ಸಾರ್ವಜನಿಕರ ಮುಂದಿಟ್ಟು, ಅದರ ಆಧಾರದ ಮೇಲೆ ವ್ಯಯಕ್ಕೆ ಮಿತಿ ಹಾಕುವ ದೇಶವೇ ನೀರನ್ನು ಚೆನ್ನಾಗಿ ಬಳಸುವ ದೇಶ; ಅದರ ಕೃಷಿಯ ಪಾಲು ಶೇ. 5 ಇರಲಿ, ಶೇ. 90 ಇರಲಿ.